ಗೋಡೆಯ ಮೇಲಿನ ವಿಶ್ವನಾಥ್: ಹಳೆಯ ಪೋಸ್ಟರನ್ನು ಬಿಡಿಸುವುದು ಹೇಗೆ, ಮತ್ತು ನಿಮ್ಮ ಗೋಡೆಯ ಮೇಲೆ ಏನಿತ್ತು?

ಪ್ರಶ್ನೆ: ಭದ್ರಾತೀರ

ಎಲ್ಲರಿಗೂ ನಮಸ್ಕಾರ. ಭದ್ರಾವತಿಯಲ್ಲಿರುವ ನಮ್ಮ ಹಳೆಯ ಮನೆಯ ನಡುಮನೆಯ ಗೋಡೆಗೆ ಕಳೆದ ಎರಡು ಮಳೆಗಾಲಗಳಿಂದ ತೇವ ಹಿಡಿದಿರುವುದರಿಂದ, ಮುಂದಿನ ತಿಂಗಳು ಅದರ ಗಾರೆಯನ್ನು ಪೂರ್ತಿ ಕೆತ್ತಿಸಿ ಹೊಸದಾಗಿ ಮೆತ್ತಿಸಬೇಕಾಗಿದೆ. ಆ ಗೋಡೆಯ ಮೇಲೆ ಕ್ರಿಕೆಟ್ ಆಟಗಾರ ಗುಂಡಪ್ಪ ವಿಶ್ವನಾಥರ ಒಂದು ಪೋಸ್ಟರ್ ಇದೆ. ಅದನ್ನು ಏನು ಮಾಡಬೇಕೆಂಬುದೇ ಈಗ ನನ್ನ ಚಿಂತೆ.

1980ರ ಆಸುಪಾಸಿನಲ್ಲಿ, ನಾನು ಆರನೆಯ ತರಗತಿಯಲ್ಲಿದ್ದಾಗ, ಅಪ್ಪನ ಸಹೋದ್ಯೋಗಿಯೊಬ್ಬರು ಓದಿ ಮುಗಿಸಿ ಕೊಟ್ಟ ಸ್ಪೋರ್ಟ್‌ಸ್ಟಾರ್ ವಾರಪತ್ರಿಕೆಯ ನಡುಪುಟದಿಂದ ಬಿಡಿಸಿಕೊಂಡ ಬಣ್ಣದ ಚಿತ್ರ ಅದು. ವಿಶ್ವನಾಥರು ಹಿಂಗಾಲಿನ ಮೇಲೆ ನಿಂತು ಸ್ಕ್ವೇರ್ ಕಟ್ ಹೊಡೆದು ಮುಗಿಸಿದ ಕ್ಷಣ: ಮುಂಗೈ ಹೊರಳಿದೆ, ಕಣ್ಣು ಇನ್ನೂ ಚೆಂಡು ಹೋದ ದಾರಿಯಲ್ಲಿದೆ, ಚೆಂಡು ಮಾತ್ರ ಚಿತ್ರದಿಂದ ಆಚೆ ಹೋಗಿಬಿಟ್ಟಿದೆ. ಪುಟದ ಮಡಿಕೆಯ ಗೆರೆ ಅವರ ಸೊಂಟದ ಮೇಲೆ ಹಾದುಹೋಗುತ್ತದೆ, ಪತ್ರಿಕೆಗೆ ಪಿನ್ನು ಹೊಡೆದಿದ್ದ ಎರಡು ತೂತುಗಳೂ ಆ ಗೆರೆಯ ಮೇಲೆಯೇ ಇವೆ. ಅಂಗಡಿಯಿಂದ ಅಂಟು ತರುವ ರೂಢಿ ನಮ್ಮಲ್ಲಿರಲಿಲ್ಲ. ಅಮ್ಮ ಕೊಟ್ಟ ಬಿಸಿ ಅನ್ನದ ಅಗುಳನ್ನು ಬೆರಳಿನಲ್ಲಿ ಅರೆದು ನಾಲ್ಕು ಮೂಲೆಗಳಿಗೂ ನಡುವಿಗೂ ಹಚ್ಚಿ, ಸುಣ್ಣ ಬಳಿದ ಗೋಡೆಗೆ ನಾನೂ ಅಣ್ಣನೂ ಒತ್ತಿ ಹಿಡಿದು ನಿಂತಿದ್ದೆವು. ಅಂದಿನಿಂದ ಸುಣ್ಣ ಹೊಡೆಸಿದಾಗಲೆಲ್ಲ ಪೋಸ್ಟರಿನ ಸುತ್ತ ಜಾಗ ಬಿಟ್ಟೇ ಹೊಡೆಸಿದ್ದೇವೆ. ಹಾಗಾಗಿ ಅದರ ಅಂಚಿನಲ್ಲಿ ಸುಣ್ಣದ ಪದರಗಳು ಒಂದರ ಮೇಲೊಂದು ಏರಿ ಸಣ್ಣ ದಂಡೆಯಂತಾಗಿವೆ.

ವಿಶ್ವನಾಥರು 1949ರಲ್ಲಿ ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ರನ್ ಹೊಡೆದ ಕಥೆಯನ್ನು ನಮ್ಮೂರಿನ ಮಕ್ಕಳೆಲ್ಲ ಕೇಳಿಯೇ ಬೆಳೆದವರು. ಆದರೆ ಕಾಗದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಅಪ್ಪ ಆ ಪೋಸ್ಟರಿನ ಮುಂದೆ ಕೂತು ಹೇಳುತ್ತಿದ್ದ ಕಥೆ ಬೇರೆ. 1980ರಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದ ವಿಶ್ವನಾಥರು, ಅಂಪೈರ್ ಔಟೆಂದು ಕೈಯೆತ್ತಿದ ಮೇಲೂ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಮರಳಿ ಕರೆದರು. ಆ ಪಂದ್ಯವನ್ನು ಭಾರತ ಸೋತಿತು. ಗೆದ್ದ ಪಂದ್ಯಗಳನ್ನು ಬಿಟ್ಟು ಈ ಸೋತ ಪಂದ್ಯವನ್ನೇ ಅಪ್ಪ ನಮಗೆ ಮತ್ತೆ ಮತ್ತೆ ಹೇಳಿದರು.

ಈಗ ಚಿತ್ರದಲ್ಲಿ ಕೆಂಪೆಂಬುದೇ ಉಳಿದಿಲ್ಲ. ಮುಖ, ಕೈ, ನೆಲ ಎಲ್ಲವೂ ತೆಳು ನೀಲಿಗೆ ತಿರುಗಿವೆ. ಅಣ್ಣನ ಮಗ ಅದನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ದೊಡ್ಡದಾಗಿ ಮುದ್ರಿಸಿ ಹೊಸ ಗೋಡೆಗೆ ಹಾಕೋಣ, ಹಳೆಯದನ್ನು ಗಾರೆಯ ಜೊತೆಗೆ ಹೋಗಲು ಬಿಡೋಣ ಎನ್ನುತ್ತಾನೆ. ಅಪ್ಪ ಏನನ್ನೂ ಹೇಳುತ್ತಿಲ್ಲ. ಆದರೆ ಅವರ ಕುರ್ಚಿ ಇಂದಿಗೂ ಆ ಗೋಡೆಯ ಎದುರಿಗೇ ಇದೆ. ಪೋಸ್ಟರನ್ನು ಹರಿಯದಂತೆ ಬಿಡಿಸಲು ಸಾಧ್ಯವೇ? ಬಣ್ಣ ಹೋದ ಮೂಲವನ್ನು ಇಟ್ಟುಕೊಳ್ಳಬೇಕೇ, ಹೊಸ ಪ್ರತಿ ಮಾಡಿಸಬೇಕೇ? ನಿಮ್ಮ ಮನೆಯ ಗೋಡೆಗಳ ಮೇಲೆ ಹೀಗೆ ವರ್ಷಾನುಗಟ್ಟಲೆ ಉಳಿದ ಚಿತ್ರಗಳಿದ್ದರೆ ಅವುಗಳ ಬಗ್ಗೆಯೂ ದಯವಿಟ್ಟು ಬರೆಯಿರಿ.

ಉತ್ತರ: ಅಚ್ಚುಮೊಳೆ, ಗದಗ

ಭದ್ರಾತೀರ ಅವರಿಗೆ ನಮಸ್ಕಾರ. ನಾನು ಗದಗಿನಲ್ಲಿ ಮೂವತ್ತು ವರ್ಷ ಆಫ್‌ಸೆಟ್ ಯಂತ್ರದ ಮುಂದೆ ನಿಂತು ಕೆಲಸ ಮಾಡಿದವನು. ಮೊದಲು ನಿಮ್ಮ ಕೆಲಸದ ಮಾತು ಹೇಳಿ, ಆಮೇಲೆ ನನ್ನ ಗೋಡೆಯ ಮಾತಿಗೆ ಬರುತ್ತೇನೆ.

ಅನ್ನದ ಅಗುಳಿನಿಂದ ಅಂಟಿಸಿದ್ದು ನಿಮ್ಮ ಪುಣ್ಯ. ಗಂಜಿಯ ಅಂಟು ಎಷ್ಟು ಹಳೆಯದಾದರೂ ನೀರಿನ ತೇವಕ್ಕೆ ಮೆತ್ತಗಾಗುತ್ತದೆ. ಸೆಲ್ಲೋಟೇಪು ಹಾಕಿದ್ದರೆ ಅದರ ಗೋಂದು ಕಾಗದದೊಳಕ್ಕೆ ಇಳಿದು ಕಂದು ಕಲೆಯಾಗಿ ನಿಂತುಬಿಡುತ್ತಿತ್ತು. ಆದರೆ ಇಡೀ ಪೋಸ್ಟರಿಗೆ ನೀರು ಚಿಮುಕಿಸಬೇಡಿ. ನುಣುಪು ಕಾಗದದ ಮೇಲೆ ಬಿಳಿ ಮಣ್ಣಿನ ತೆಳು ಲೇಪವಿರುತ್ತದೆ. ಅದು ನೆನೆದರೆ ಮುಟ್ಟಿದ್ದಕ್ಕೆ ಅಂಟಿಕೊಳ್ಳುತ್ತದೆ, ಬಣ್ಣವೂ ಅದರ ಜೊತೆಗೆ ಏಳುತ್ತದೆ. ಮೊದಲು ಹಗಲು ಬೆಳಕಿನಲ್ಲಿ ಚಿತ್ರದ ಒಂದು ಒಳ್ಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಒಣ ಕೈಯಲ್ಲೇ ಅಂಚಿನಿಂದ ಆರಂಭಿಸಿ, ಅಂಟಿಲ್ಲದ ಕಡೆಗಳಲ್ಲಿ ಬಿದಿರಿನ ತೆಳುವಾದ ಪಟ್ಟಿಯನ್ನು ಕಾಗದದ ಹಿಂದೆ ಮೆಲ್ಲಗೆ ತೂರಿಸುತ್ತ ಹೋಗಿ. ಅಗುಳು ಹಿಡಿದಿರುವ ಐದು ಜಾಗಗಳಲ್ಲಿ ಕಾಗದವನ್ನು ಎಳೆಯದೆ ಗೋಡೆಯನ್ನೇ ಬಿಡಿಸಿ. ಹೇಗೂ ಗಾರೆ ಹೋಗುವುದಿದೆಯಲ್ಲ; ಆ ಜಾಗದ ಸುತ್ತ ಸುಣ್ಣದ ಪದರವನ್ನು ಚೂರಿಯ ತುದಿಯಿಂದ ಗೀರಿ, ಪದರದ ಸಮೇತ ಎಬ್ಬಿಸಿದರೆ ಹಳೆಯ ಸುಣ್ಣ ಚಕ್ಕೆಯಾಗಿ ಕಾಗದದ ಬೆನ್ನಿಗೇ ಬರುತ್ತದೆ. ಆಮೇಲೆ ಪೋಸ್ಟರನ್ನು ಬೋರಲು ಮಲಗಿಸಿ, ಹಿಂಭಾಗದಿಂದ ಒದ್ದೆ ಹತ್ತಿಯನ್ನು ಆ ಚಕ್ಕೆಗಳ ಮೇಲೆ ಮಾತ್ರ ಇಟ್ಟು, ಸಾವಕಾಶವಾಗಿ ಕೆರೆದು ತೆಗೆಯಬಹುದು. ಇದಕ್ಕೆ ಒಂದು ಪೂರ್ತಿ ದಿನವನ್ನೇ ಮೀಸಲಿಡಿ. ಲ್ಯಾಮಿನೇಶನ್ ಮಾಡಿಸಲು ಯಾರು ಹೇಳಿದರೂ ಒಪ್ಪಬೇಡಿ. ಬಿಸಿಯಿಂದ ಹತ್ತಿದ ಆ ಪ್ಲಾಸ್ಟಿಕ್ಕು ಮುಂದೆಂದೂ ಕಾಗದವನ್ನು ಬಿಟ್ಟು ಬರುವುದಿಲ್ಲ.

ಚಿತ್ರ ನೀಲಿಯಾದದ್ದಕ್ಕೆ ಕಾರಣ ಹೀಗಿದೆ. ನಾವು ನಾಲ್ಕೇ ಮಸಿಗಳಿಂದ ಎಲ್ಲ ಬಣ್ಣಗಳನ್ನೂ ತರುತ್ತೇವೆ: ಹಳದಿ, ಮೆಜೆಂಟಾ ಎಂಬ ಗುಲಾಬಿ ಕೆಂಪು, ಸಯಾನ್ ಎಂಬ ತಿಳಿ ನೀಲಿ, ಮತ್ತು ಕಪ್ಪು. ಬೆಳಕಿಗೆ ಮೊದಲು ಸೋಲುವುದು ಹಳದಿ ಮತ್ತು ಕೆಂಪು. ನೀಲಿ, ಕಪ್ಪು ಹೆಚ್ಚು ಕಾಲ ತಾಳುತ್ತವೆ. ಮನುಷ್ಯರ ಮೈಬಣ್ಣ ಬಹುಪಾಲು ನಿಂತಿರುವುದೇ ಹಳದಿ ಮತ್ತು ಕೆಂಪಿನ ಮೇಲಾದ್ದರಿಂದ ಮುಖ ಮೊದಲು ಕಳೆಗುಂದುತ್ತದೆ. ಕ್ಷೌರದಂಗಡಿಯ ಹಳೆಯ ಪೋಸ್ಟರುಗಳನ್ನು ನೋಡಿದರೆ ಇದು ಯಾರಿಗಾದರೂ ತಿಳಿಯುತ್ತದೆ.

ಇನ್ನು ನನ್ನ ಗೋಡೆ. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಲಕ್ಷ್ಮಿಯ ಕ್ಯಾಲೆಂಡರ್ ಅಚ್ಚಿಗೆ ಬಂದಿತ್ತು. ನಮ್ಮದು ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುವ ಯಂತ್ರ. ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ನೀಲಿ, ಕೊನೆಗೆ ಕಪ್ಪು. ಪ್ರತಿ ಹಂತದಲ್ಲೂ ಒಂದೊಂದು ಹಾಳೆಯನ್ನು ಮಾಲೀಕರ ಅಪ್ಪಣೆ ಪಡೆದು ಎತ್ತಿಟ್ಟುಕೊಂಡೆ. ಆ ನಾಲ್ಕು ಹಾಳೆಗಳು ಇಂದಿಗೂ ನಮ್ಮ ಮನೆಯ ಪಡಸಾಲೆಯಲ್ಲಿ ಸಾಲಾಗಿವೆ. ಮೊದಲನೆಯದರಲ್ಲಿ ಬರಿಯ ಹಳದಿ ಮಂಜು, ಅದರೊಳಗೆ ದೇವಿ ಇದ್ದಾಳೆಂದು ನಂಬಬೇಕು. ಎರಡನೆಯದರಲ್ಲಿ ಸೀರೆ, ತುಟಿ, ಕಮಲ ಮೂಡುತ್ತವೆ. ಮೂರನೆಯದರಲ್ಲಿ ಎಲೆ ಹಸಿರಾಗುತ್ತದೆ, ನೀರು ಬರುತ್ತದೆ, ಮುಖಕ್ಕೆ ದುಂಡು ಬರುತ್ತದೆ; ಆದರೂ ನೋಟವಿಲ್ಲ. ಕಪ್ಪು ಬಿದ್ದ ಕೂಡಲೇ ರೆಪ್ಪೆಯ ಗೆರೆ, ಪಾಪೆ ಕಾಣಿಸಿ ಆಕೆ ನಮ್ಮನ್ನು ನೋಡುತ್ತಾಳೆ. ಶಿಲ್ಪಿಗಳು ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವ ಶಾಸ್ತ್ರವನ್ನು ನೋಡಿದ್ದ ನನಗೆ, ಯಂತ್ರದ ಮುಂದೆಯೂ ಅದೇ ನಡೆಯುತ್ತದೆಂದು ಅಂದು ಮೈ ಜುಮ್ಮೆಂದಿತ್ತು. ಆ ನಾಲ್ಕನೆಯ ಹಾಳೆಯಂಥವು ಸಾವಿರಗಟ್ಟಲೆ ಮನೆಗಳಿಗೆ ಹೋದವು. ಮೊದಲ ಮೂರನ್ನು ಕಂಡವರು ನಾವು ಕೆಲವರೇ.

ಉತ್ತರ: ಜರಿಯಂಚು, ಮೈಸೂರು

ನಿಮ್ಮ ಅಣ್ಣನ ಮಗನ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಬರೆಯುತ್ತಿದ್ದೇನೆ. ನಂಜನಗೂಡಿನ ನಮ್ಮ ಅಜ್ಜಿಯ ಮನೆಯ ದೇವರ ಕೋಣೆಯಲ್ಲಿ ರವಿವರ್ಮರ ಲಕ್ಷ್ಮಿಯ ಚಿತ್ರವಿತ್ತು. ನೀರಿನ ನಡುವೆ ಕಮಲದ ಮೇಲೆ ನಿಂತ ದೇವಿ, ಪಕ್ಕದಲ್ಲಿ ಸೊಂಡಿಲಿನಲ್ಲಿ ಮಾಲೆ ಹಿಡಿದ ಆನೆ. ಕೆಳಗಿನ ಬಿಳಿಯ ಅಂಚಿನಲ್ಲಿ ರವಿವರ್ಮ ಪ್ರೆಸ್, ಕಾರ್ಲಾ-ಲೋಣಾವಳಾ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯವನ್ನು ರವಿವರ್ಮರು ಕೆಲವೇ ವರ್ಷಗಳಲ್ಲಿ ಲೋಣಾವಳಾದ ಹತ್ತಿರದ ಮಳವಳಿಗೆ ಸ್ಥಳಾಂತರಿಸಿದರು. ಜರ್ಮನಿಯಿಂದ ಬಂದ ತಂತ್ರಜ್ಞರು ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಹಾಳೆಯನ್ನು ಒಂದಾದ ಮೇಲೊಂದು ಕಲ್ಲಿಗೆ ಒತ್ತಿ, ಕೊನೆಗೆ ಎಣ್ಣೆಬಣ್ಣದ ಹೊಳಪು ಬರುವಂತೆ ವಾರ್ನಿಶ್ ಬಳಿಯುತ್ತಿದ್ದರು. ಅರಮನೆಯ ಗೋಡೆಯ ಮೇಲಿನ ದೇವರು ಅಜ್ಜಿಯ ಒಲೆಯ ಪಕ್ಕದ ಗೋಡೆಗೆ ಬಂದದ್ದು ಈ ಕಲ್ಲುಗಳಿಂದ.

ಅಜ್ಜಿ ಆ ಚಿತ್ರವನ್ನು ಇದ್ದ ಹಾಗೆಯೇ ಬಿಡಲಿಲ್ಲ. ಆಕೆಯ ಮದುವೆಯ ಸೀರೆ ಜೀರ್ಣವಾದಾಗ ಅದರ ಅಂಚಿನ ಜರಿಯೆಳೆಗಳನ್ನು ಬಿಚ್ಚಿ, ಕಾಗದಕ್ಕೆ ಸೂಜಿ ಚುಚ್ಚಿ, ದೇವಿಯ ಸೀರೆಯ ನೆರಿಗೆಗಳ ಮೇಲೆ ಕೂರಿಸಿದ್ದಳು. ಕಿರೀಟಕ್ಕೆ ಚಮಕಿ, ಸರಕ್ಕೆ ಸಣ್ಣ ಮಣಿಗಳು. ಆ ಕಾಲದಲ್ಲಿ ಅನೇಕ ಮನೆಗಳಲ್ಲಿ ಹೆಂಗಸರು ಹೀಗೆಯೇ ಚಿತ್ರಗಳನ್ನು ಸಿಂಗರಿಸುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬದ ಸಂಜೆ ದೀಪ ಹಚ್ಚಿದಾಗ ಜರಿ ಮಿನುಗಿ, ಸೀರೆ ಅಲುಗಿದಂತೆ ಕಾಣುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಚೌಕಟ್ಟು ಸಡಿಲವಾಗಿದೆಯೆಂದು ಅಮ್ಮ ಅದನ್ನು ಒಂದು ಅಂಗಡಿಗೆ ಕೊಟ್ಟರು. ಗಾಜು ಸರಿಯಾಗಿ ಕೂರುತ್ತಿಲ್ಲವೆಂದು ಅಂಗಡಿಯವರು ಜರಿ, ಮಣಿ ಎಲ್ಲವನ್ನೂ ಕತ್ತರಿಸಿ ತೆಗೆದು, ಚಿತ್ರವನ್ನು ಒರೆಸಿ, ಹೊಸ ಚೌಕಟ್ಟಿನಲ್ಲಿ ಹಾಕಿಕೊಟ್ಟಿದ್ದರು. ಈಗ ಸೀರೆಯ ಮೇಲೆ ಸಾಲುಸಾಲಾಗಿ ಸೂಜಿಯ ತೂತುಗಳು ಮಾತ್ರ ಉಳಿದಿವೆ. ಬೆಳಕಿಗೆ ಹಿಡಿದರೆ ಅಜ್ಜಿ ಹೊಲಿದ ದಾರಿ ಚುಕ್ಕಿಗಳಾಗಿ ಕಾಣುತ್ತದೆ. ನಾನು ಅದನ್ನೇ ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದೇನೆ, ಯಾವ ಹೊಸ ಲಕ್ಷ್ಮಿಯನ್ನೂ ಅದರ ಜಾಗಕ್ಕೆ ತಂದಿಲ್ಲ.

ಆದ್ದರಿಂದ ನಿಮ್ಮಲ್ಲಿ ಎರಡು ವಿನಂತಿ. ಚೌಕಟ್ಟು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಿಸಿ, ಮತ್ತು ಕೆಲಸ ಮುಗಿಯುವವರೆಗೆ ಅಂಗಡಿಯಲ್ಲಿ ನೀವೇ ಕೂತಿರಿ.

ಇನ್ನೊಂದು ಮಾತು. ನಕಲು ನಕಲಾಗುತ್ತ ಹೋದಾಗ ಕಳೆದುಹೋಗುವುದು ಬಣ್ಣವೊಂದೇ ಎಂದುಕೊಳ್ಳಬಾರದು. ಇಲ್ಲಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಗಾಳಿಗೆ ಅಡ್ಡವಿಟ್ಟು ನಿಂತ ಹೆಣ್ಣಿನ ಜಲವರ್ಣ ಚಿತ್ರವಿದೆಯಲ್ಲ, ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋರುವಂಥದ್ದು, ಅದರ ಅಚ್ಚುಪ್ರತಿಗಳು ಮೈಸೂರಿನ ಎಷ್ಟೋ ಮನೆಗಳಲ್ಲಿವೆ. ಬಹುತೇಕರು ಅದನ್ನು ರವಿವರ್ಮರದೆಂದೇ ತಿಳಿದಿದ್ದಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣ್‌ಕರ್, 1945-46ರ ಸುಮಾರಿಗೆ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಪ್ರತಿಯಿಂದ ಪ್ರತಿಗೆ ಬರುವಾಗ ಬರೆದವರ ಹೆಸರು ಎಲ್ಲೋ ಬಿದ್ದುಹೋಯಿತು. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಉತ್ತರ: ತೊಗರಿಹೊಲ, ಕಲಬುರಗಿ

ಮೈಸೂರಿನ ಸೋದರಿಯವರ ಮಾತು ಮನಮುಟ್ಟಿತು; ಆದರೂ ನಾನು ಸ್ವಲ್ಪ ಬೇರೆ ಅಭಿಪ್ರಾಯದವನು. ನಮ್ಮ ತಂದೆಯವರ ಹೊಲಿಗೆ ಅಂಗಡಿಯಲ್ಲಿ ಎಸ್. ಎಂ. ಪಂಡಿತರ ಶಿವನ ಚಿತ್ರವಿತ್ತು. ಕ್ಯಾಲೆಂಡರಿನ ವರ್ಷ ಮುಗಿದ ಮೇಲೆ ತಿಂಗಳ ಹಾಳೆಗಳನ್ನು ತೆಗೆದು, ಕಂಪನಿಯ ಹೆಸರಿದ್ದ ಪಟ್ಟಿಯನ್ನು ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ನೇರವಾಗಿ ಕತ್ತರಿಸಿ, ಪಂಡಿತರ ಸಹಿಯನ್ನು ಮಾತ್ರ ಉಳಿಸಿಕೊಂಡಿದ್ದರು. ಪಂಡಿತರು ನಮ್ಮೂರಿನವರು, 1916ರಲ್ಲಿ ಇಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರುಗಳಿಂದ ಹಿಡಿದು ಪುರಾಣದ ಕ್ಯಾಲೆಂಡರುಗಳವರೆಗೆ ಬರೆದವರು. ಕನ್ಯಾಕುಮಾರಿಯಲ್ಲಿರುವ ವಿವೇಕಾನಂದರ ನಿಂತ ಚಿತ್ರವೂ ಅವರದೇ. ಅವರು ಕ್ಯಾಲೆಂಡರಿಗಾಗಿ ಕುಂಚ ಎತ್ತಿದಾಗಲೇ, ಇದು ಅಚ್ಚಾಗಿ ಸಾವಿರಾರು ಗೋಡೆಗಳಿಗೆ ಹೋಗುತ್ತದೆಂದು ತಿಳಿದೇ ಬರೆದರು. ಅಂಥ ಚಿತ್ರದ ಮಟ್ಟಿಗೆ ಅಚ್ಚಾದದ್ದೇ ಮೂಲ, ಮತ್ತೆ ಅಚ್ಚು ಮಾಡಿದರೆ ಅದಕ್ಕೆ ಅಪಮಾನವೇನೂ ಇಲ್ಲ.

ಕಲಬುರಗಿಯ ಬಿಸಿಲು ನಿಮಗೆ ಗೊತ್ತಿರಬಹುದು. ತಂದೆಯವರ ಅಂಗಡಿ ಪಡುವಣ ಮುಖದ್ದು. ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಬಿಸಿಲು ನೇರವಾಗಿ ಶಿವನ ಮೇಲೆ ಬೀಳುತ್ತಿತ್ತು. ಇಂದು ಆ ಹಾಳೆಯಲ್ಲಿ ಹುಲಿಯ ಚರ್ಮಕ್ಕೂ ಹಿಮಕ್ಕೂ ವ್ಯತ್ಯಾಸ ತಿಳಿಯದು. ಹತ್ತು ವರ್ಷ ಮೊದಲೇ ಒಂದು ಪ್ರತಿ ಮಾಡಿಸಿ ಗೋಡೆಗೆ ಹಾಕಿ, ಹಳೆಯದನ್ನು ಕತ್ತಲೆಯಲ್ಲಿ ಇಟ್ಟಿದ್ದರೆ ನಮ್ಮ ಮೊಮ್ಮಕ್ಕಳು ಪಂಡಿತರ ಬಣ್ಣವನ್ನು ಕಾಣುತ್ತಿದ್ದರು. ಹಾಗಾಗಿ ನೀವು ಸ್ಕ್ಯಾನ್ ಮಾಡಿಸಿ, ಆದರೆ ಮೂಲವನ್ನು ಎಸೆಯಬೇಡಿ. ಹತ್ತಿಬಟ್ಟೆಯಲ್ಲಿ ಸುತ್ತಿ, ಮಡಿಸದೆ, ಬೀರುವಿನಲ್ಲಿ ಸಪಾಟಾಗಿ ಇಡಿ.

ಉತ್ತರ: ಹಲಗೆಬಳಪ, ಹುಣಸೂರು

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮ ತರಗತಿಯಲ್ಲಿ ಜ್ಞಾನಪೀಠ ಪುರಸ್ಕೃತರ ಚಾರ್ಟ್ ಇದೆ. ಅಚ್ಚಾದಾಗ ಅದರಲ್ಲಿ ಏಳು ಮುಖಗಳು: 1967ರ ಕುವೆಂಪು ಅವರಿಂದ 1998ರ ಗಿರೀಶ ಕಾರ್ನಾಡರವರೆಗೆ. 2010ರ ಪ್ರಶಸ್ತಿ ಚಂದ್ರಶೇಖರ ಕಂಬಾರರಿಗೆಂದು ಪ್ರಕಟವಾದ ದಿನ ಮಕ್ಕಳು ದಿನಪತ್ರಿಕೆಯಿಂದ ಅವರ ಚಿತ್ರವನ್ನು ಕತ್ತರಿಸಿ ತಂದು, ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ಅಂಟಿಸಿ, ಸ್ಕೆಚ್ ಪೆನ್ನಿನಿಂದ ಹೆಸರು ಬರೆದರು. ಉಳಿದ ಏಳು ಮುಖಗಳು ನುಣುಪು ಕಾಗದದಲ್ಲಿ ಇನ್ನೂ ಬೆಳ್ಳಗಿವೆ, ಎಂಟನೆಯದು ಮಾತ್ರ ಹಳದಿಯಾಗಿದೆ. ಎಂಟೂ ಮುಖಗಳಿರುವ ಹೊಸ ಚಾರ್ಟ್ ತರಬಹುದು, ಬೆಲೆಯೂ ಹೆಚ್ಚಿಲ್ಲ. ಆದರೆ ಹೆಸರು ಬರೆದ ಹುಡುಗಿ ಈಗ ಕಾಲೇಜಿನಲ್ಲಿ ಕನ್ನಡ ಓದುತ್ತಿದ್ದಾಳೆ, ಊರಿಗೆ ಬಂದಾಗ ಶಾಲೆಗೆ ಬಂದು ಅದನ್ನು ಒಮ್ಮೆ ನೋಡಿ ಹೋಗುತ್ತಾಳೆ. ನನಗೆ ಬದಲಾಯಿಸಲು ಮನಸ್ಸಾಗಿಲ್ಲ.

ಉತ್ತರ: ಗೂಗ್ಲಿ, ಬೆಂಗಳೂರು

ಕ್ರಿಕೆಟ್ಟಿನ ವಿಷಯವಾದ್ದರಿಂದ ಒಂದೆರಡು ಮಾತು. ನನ್ನ ಹಾಸ್ಟೆಲಿನ ಗೋಡೆಯ ಮೇಲೆ ಅನಿಲ್ ಕುಂಬ್ಳೆ ಅವರ ಎರಡು ಚಿತ್ರಗಳಿದ್ದವು. ಒಂದು 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಪಡೆದ ದಿನದ್ದು. ಇನ್ನೊಂದು 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು ಬೌಲಿಂಗಿಗೆ ಇಳಿದದ್ದು. ಅಂದು ಅವರು ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಕೋಣೆ ಬಿಡುವಾಗ ಹತ್ತು ವಿಕೆಟ್ಟಿನ ಚಿತ್ರವನ್ನು ಗೆಳೆಯನಿಗೆ ಕೊಟ್ಟೆ. ಬ್ಯಾಂಡೇಜಿನ ಚಿತ್ರವನ್ನು ಯಾರು ಕೇಳಿದರೂ ಕೊಡಲಾಗಲಿಲ್ಲ. ನಿಮ್ಮ ತಂದೆಯವರು ಸೋತ ಪಂದ್ಯದ ಕಥೆಯನ್ನೇ ಏಕೆ ಹೇಳುತ್ತಿದ್ದರೆಂದು ನನಗೆ ಅರ್ಥವಾಗುತ್ತದೆ.

ಮರಳಿ ಪ್ರಶ್ನಿಸಿದವರಿಂದ: ಭದ್ರಾತೀರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕಳೆದ ಭಾನುವಾರ ಕೆಲಸ ಮುಗಿಯಿತು. ಗದಗಿನ ಹಿರಿಯರು ಹೇಳಿದ ಕ್ರಮದಲ್ಲಿಯೇ, ಬೆಳಿಗ್ಗೆ ಎಂಟಕ್ಕೆ ಆರಂಭಿಸಿ ಸಂಜೆ ನಾಲ್ಕರವರೆಗೆ, ನಾನೂ ಅಣ್ಣನೂ ಅವನ ಮಗನೂ ಸೇರಿ ಬಿಡಿಸಿದೆವು. ನಾಲ್ಕು ಜಾಗಗಳಲ್ಲಿ ಸುಣ್ಣದ ಚಕ್ಕೆ ಸಲೀಸಾಗಿ ಎದ್ದು ಬಂತು. ಬಲಗಡೆಯ ಕೆಳಮೂಲೆಯಲ್ಲಿ ತೇವಕ್ಕೆ ಕಾಗದ ಮೊದಲೇ ಕೊಳೆತಿತ್ತು. ರೂಪಾಯಿ ನಾಣ್ಯದಷ್ಟು ಹುಲ್ಲಿನ ಭಾಗ ಗೋಡೆಗೇ ಉಳಿಯಿತು. ಪೋಸ್ಟರನ್ನು ಬೋರಲು ಹಾಕಿದಾಗ ಒಂದು ಚಕ್ಕೆಯ ಅಂಚಿನಲ್ಲಿ ಒಣಗಿ ಗಾಜಿನಂತಾಗಿದ್ದ ಅನ್ನದ ಅಗುಳೊಂದು ಅರೆಯದೆ ಇಡಿಯಾಗಿಯೇ ಉಳಿದಿತ್ತು. ಅದನ್ನು ಕೆರೆದು ತೆಗೆಯಲು ಅಣ್ಣ ಬಿಡಲಿಲ್ಲ. ಅಮ್ಮ ಹೋಗಿ ಹನ್ನೊಂದು ವರ್ಷಗಳಾದವು.

ಪ್ರತಿಯನ್ನೂ ಮಾಡಿಸಿದ್ದೇವೆ. ಅಣ್ಣನ ಮಗ ಬಣ್ಣ ತುಂಬುವ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿ, ಅದನ್ನು ಬೆಂಗಳೂರಿನ ತನ್ನ ಕೋಣೆಗೆ ಒಯ್ದಿದ್ದಾನೆ. ಮೂಲವನ್ನು ಬೀರುವಿನಲ್ಲಿ ಇಡಬೇಕೆಂಬ ಕಲಬುರಗಿಯವರ ಮಾತು ಸರಿಯೆಂದು ನಾನು ಬಲ್ಲೆ. ಆದರೆ ಅಪ್ಪನನ್ನು ಕೇಳಿದಾಗ, ಇಷ್ಟು ದಿನದ ಮೇಲೆ ಮೊದಲ ಬಾರಿ ಬಾಯಿಬಿಟ್ಟು, "ನನ್ನ ಕಣ್ಣಿಗೂ ಈಗ ಬಣ್ಣ ಅಷ್ಟೇ ಕಾಣುವುದು, ಅದು ಇಲ್ಲೇ ಇರಲಿ" ಎಂದರು. ಆದ್ದರಿಂದ ಬಿಸಿಲು ತಾಗದ ಒಳಗೋಡೆಗೆ ಹಾಕಿದ್ದೇವೆ, ಚೌಕಟ್ಟಿನ ಹಿಂದೆ ನಾಲ್ಕು ಬಿರಡೆಯ ತುಂಡುಗಳನ್ನು ಅಂಟಿಸಿ ಗೋಡೆಯಿಂದ ಅರ್ಧ ಇಂಚು ದೂರ ಇಟ್ಟಿದ್ದೇವೆ. ಅಪ್ಪನ ಕುರ್ಚಿಯನ್ನೂ ಆ ಕಡೆಗೆ ತಿರುಗಿಸಿದ್ದಾಯಿತು.

ಮೈಸೂರಿನವರು ಹೇಳಿದಂತೆ ಚೌಕಟ್ಟಿನ ಅಂಗಡಿಯಲ್ಲಿ ಕೊನೆಯವರೆಗೂ ಕೂತಿದ್ದೆ. ಪಿನ್ನಿನ ತೂತುಗಳ ಹಿಂದೆ ಬಿಳಿ ಕಾಗದ ಹಚ್ಚಿ ಮುಚ್ಚಿಬಿಡಲೇ ಎಂದು ಅಂಗಡಿಯವರು ಕೇಳಿದರು. ಬೇಡ, ಹಾಗೆಯೇ ಇರಲಿ ಎಂದೆ.